ಅರ್ಧ ಉಕ್ಕಿನ ಮನುಷ್ಯನಾಗುವ ಕ್ರಮ

ಮೊದಲು ಸುದ್ದಿ ಹಬ್ಬಿಸಿ. ಈಜು ಬರುತ್ತದೋ ಇಲ್ಲವೋ, ಮನೆಯಲ್ಲಿ ಸೈಕಲ್ ಇದೆಯೋ ಇಲ್ಲವೋ, ಅದೆಲ್ಲ ಆಮೇಲಿನ ಮಾತು. ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹತ್ತಿರ ಯಾವುದಾದರೂ ಚಹಾದಂಗಡಿಗೆ ಹೋಗಿ, ನಾಲ್ಕು ಜನ ಕೂತ ಹೊತ್ತು ನೋಡಿ, ಕಪ್ಪು ಕೆಳಗಿಟ್ಟು ಹೇಳಿ: “ಈ ಸಲ ಗೋವಾಕ್ಕ ಹೊಂಟೇನ್ರಿ, ಐರನ್‌ಮ್ಯಾನ್ ಮಾಡಾಕ.” ಗೋವಾ ಎಂದ ಕೂಡಲೇ ಇಬ್ಬರು ಕಣ್ಣು ಮಿಟುಕಿಸುತ್ತಾರೆ. ಒಬ್ಬರು, “ಅಲ್ಲಿ ಹೋಗಿ ಇಸ್ತ್ರಿ ಅಂಗಡಿ ಇಡ್ತೀರೇನು?” ಎಂದು ಕೇಳುತ್ತಾರೆ. ಸಿಟ್ಟಾಗಬೇಡಿ. ತಿಳಿಯದವರಿಗೆ ತಿಳಿಸುವುದೇ ಈ ಆಟದ ಅರ್ಧ ಸುಖ. ಉಳಿದರ್ಧ ಏನೆಂದು ನನಗೂ ಇನ್ನೂ ಗೊತ್ತಾಗಿಲ್ಲ. ಮೂರು ಸಲ ಹೆಸರು ಕೊಟ್ಟು, ಎರಡು ಸಲ ಊರು ಬಿಟ್ಟು, ಒಂದು ಸಲ ನೀರಿಗಿಳಿದವನು ನಾನು. ಅನುಭವದ ಮಾತು ಹೇಳುತ್ತಿದ್ದೇನೆ, ಬರೆದಿಟ್ಟುಕೊಳ್ಳಿ.

ಮೂರು ಅಂಕಿ ಬಾಯಿಪಾಠ ಮಾಡಿ. ಪೂರ್ಣ ಐರನ್‌ಮ್ಯಾನ್ ಎಂದರೆ 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಕೊನೆಗೆ 42.2 ಕಿಲೋಮೀಟರ್ ಓಟ. ಅದು ನಿಮಗೆ ಬೇಡ. ಗೋವಾದ ಪಣಜಿಯಲ್ಲಿ 2019ರಿಂದ ನಡೆಯುವುದು ಇದರ ಸರಿಯರ್ಧ: 1.9, 90 ಮತ್ತು 21.1. ಒಟ್ಟು 113 ಕಿಲೋಮೀಟರ್, ಮುಗಿಸಲು ಎಂಟೂವರೆ ತಾಸು. ಮಾತಾಡುವಾಗ ಮಾತ್ರ “ಅರ್ಧ” ಎನ್ನುವ ಶಬ್ದ ನುಂಗಿಬಿಡಿ. ಯಾರಾದರೂ ಒತ್ತಿ ಕೇಳಿದರೆ ಹುಟ್ಟಿನ ಕಥೆಗೆ ಹೊರಳಿಸಿ. ಅಮೆರಿಕದ ನೌಕಾಪಡೆಯ ಜಾನ್ ಕಾಲಿನ್ಸ್ ಎಂಬ ಅಧಿಕಾರಿಯ ಗುಂಪಿನಲ್ಲಿ ಓಡುವವ ಗಟ್ಟಿಯೋ, ಈಜುವವ ಗಟ್ಟಿಯೋ, ಸೈಕಲ್ಲಿನವ ಗಟ್ಟಿಯೋ ಎಂದು ವಾದ ಬಿತ್ತು. ತೀರ್ಮಾನಕ್ಕೆಂದು 1978ರ ಫೆಬ್ರವರಿ 18ರಂದು ಹವಾಯಿಯಲ್ಲಿ 15 ಜನ ಹೊರಟರು, 12 ಜನ ಮುಗಿಸಿದರು. ಅಂದರೆ ಮೂಲದಲ್ಲಿ ಇದೂ ನಮ್ಮ ಕಟ್ಟೆಯ ಹರಟೆಯೇ. ನಮ್ಮವರು ವಾದ ಮಾಡಿ ಮನೆಗೆ ಹೋಗಿ ಉಂಡು ಮಲಗುತ್ತಾರೆ, ಅವರು ಮಲಗಲಿಲ್ಲ. ಅಷ್ಟೇ ವ್ಯತ್ಯಾಸ.

ಈಗ ಈಜು. ನಮ್ಮ ಸೀಮೆಯಲ್ಲಿ ಇದನ್ನು ಕಲಿಯುವ ಒಂದು ಹಳೆಯ ಪದ್ಧತಿ ಇದೆ. ಬೆನ್ನಿಗೆ ಬೆಂಡು ಕಟ್ಟಿಕೊಂಡು ಹೊಲದ ಬಾವಿಯ ದಂಡೆಯಲ್ಲಿ ನಿಂತಿರಬೇಕು. ಸೋದರಮಾವ ಸುಮ್ಮನೆ ಬಂದು ಹಿಂದಿನಿಂದ ದಬ್ಬಬೇಕು. ಆ ಪದ್ಧತಿಯಿಂದ ನಾಲ್ಕೈದು ದಿನಕ್ಕೇ ಈಜು ಬಂದುಬಿಡುತ್ತದೆ, ಖರ್ಚೂ ಇಲ್ಲ. ಆದ್ದರಿಂದ ದೂರವಿರಿ. ಮೊಬೈಲಿನಲ್ಲಿ ಆಸ್ಟ್ರೇಲಿಯಾದವರ ವಿಡಿಯೋ ಹಚ್ಚಿ, ಪಡಸಾಲೆಯಲ್ಲಿ ಹೊರಸಿನ ಮೇಲೆ ಬೋರಲು ಮಲಗಿ, ಕೈಕಾಲು ಆಡಿಸಿ. ದಿನಕ್ಕೆ ಅರ್ಧ ತಾಸು ಸಾಕು. ಮಕ್ಕಳು ಬೆನ್ನ ಮೇಲೆ ಹತ್ತಿ ಕೂತರೆ ಬೈಯಬೇಡಿ, ಅದನ್ನು ಅಲೆಯ ಅಭ್ಯಾಸ ಎಂದು ಲೆಕ್ಕ ಹಿಡಿಯಿರಿ.

ಬಾವಿಗೇ ಇಳಿಯುತ್ತೇನೆ ಎಂದು ಹಟ ಹಿಡಿದರೆ ಲೆಕ್ಕ ಹೀಗಿದೆ: ಹತ್ತು ಮೀಟರ್ ಅಗಲದ ಬಾವಿಯಲ್ಲಿ 1.9 ಕಿಲೋಮೀಟರ್ ಆಗಬೇಕಾದರೆ 190 ಸಲ ಅತ್ತಿಂದಿತ್ತ ಹೋಗಬೇಕು. ಎಪ್ಪತ್ತರ ಸುಮಾರಿಗೆ ಲೆಕ್ಕ ತಪ್ಪುತ್ತದೆ, ಮತ್ತೆ ಒಂದರಿಂದ ಶುರು ಮಾಡಿ. ಬೇಸರವಾದರೆ ಗೋಡೆಗುಂಟ ಎಡಕ್ಕೆ ಸುತ್ತು ಹಾಕುತ್ತಿರಿ. ಇದರಿಂದ ಒಂದು ಲಾಭ ಉಂಟು. ನಾಳೆ ಸಮುದ್ರಕ್ಕಿಳಿದಾಗಲೂ ನಿಮ್ಮ ದೇಹ ತಾನಾಗಿ ಎಡಕ್ಕೆ ಸುತ್ತಿ ಹೊರಟಲ್ಲಿಗೇ ಬಂದು ಮುಟ್ಟುತ್ತದೆ. ಕಳೆದುಹೋಗುವ ಭಯವೇ ಇಲ್ಲ.

ವಾರಕ್ಕೊಮ್ಮೆ ಸವದತ್ತಿಯ ನವಿಲುತೀರ್ಥಕ್ಕೆ ಹೋಗಿ. ಮಲಪ್ರಭೆ ಗುಡ್ಡ ಸೀಳಿಕೊಂಡು ನುಗ್ಗುವ ಇಕ್ಕಟ್ಟಿನಲ್ಲಿ ಕಟ್ಟಿದ ಅಣೆಕಟ್ಟು, ಹಿಂದೆ 37 ಟಿಎಂಸಿಗೂ ಮಿಕ್ಕಿ ನೀರು ಹಿಡಿಯುವ ರೇಣುಕಾಸಾಗರ. ನೀರು ನೋಡಿದೊಡನೆ ಇಳಿಯಬೇಡಿ. ಹುಬ್ಬಳ್ಳಿ-ಧಾರವಾಡದವರು ಕುಡಿಯುವ ನೀರು ಇಲ್ಲಿಂದಲೇ ಹೋಗುವುದು, ಪಾಪ, ಅವರಿಗಾದರೂ ವಾರಕ್ಕೊಮ್ಮೆಯೋ ಎಂಟು ದಿನಕ್ಕೊಮ್ಮೆಯೋ ಕಾಣುವ ನೀರು, ಅದರಲ್ಲಿ ನೀವು ಹೊರಳಾಡುವುದು ಸೌಜನ್ಯವಲ್ಲ. ಯಾರಾದರೂ “ಇಳೀರಲ್ಲ” ಎಂದರೆ ಈ ಮಾತು ಹೇಳಿ, ಕೇಳಿದವರೇ ನಾಚುತ್ತಾರೆ. ನೀವು ಮಾಡಬೇಕಾದದ್ದು ಇಷ್ಟು: ರಬ್ಬರ್ ಟೊಪ್ಪಿಗೆ ಹಾಕಿ, ಗಾಗಲನ್ನು ಹಣೆಗೇರಿಸಿ, ಹಿನ್ನೀರಿಗೆ ಬೆನ್ನು ಮಾಡಿ ನಿಂತು, ಬಾಟಲಿ ನೀರನ್ನು ತಲೆ ಮೇಲೆ ಸುರಿದುಕೊಂಡು ಫೋಟೋ ತೆಗೆಸಿ. ಎರಡು ಲೀಟರ್ ಸಾಕು. ಸರೋವರದ ದಂಡೆಯ ಊರುಗಳಲ್ಲಿ ಈ ಸ್ಪರ್ಧೆ ಇಡುವುದು ಜಗತ್ತಿನ ರೂಢಿ. ನಟ ಮಿಲಿಂದ್ ಸೋಮನ್ ಐವತ್ತರ ಹೊಸ್ತಿಲಲ್ಲಿ, 2015ರಲ್ಲಿ, ಪೂರ್ಣ ಐರನ್‌ಮ್ಯಾನ್ ಮಾಡಿದ್ದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ, ಅಲ್ಲೂ ಒಂದು ಸರೋವರ. 15 ತಾಸು 19 ನಿಮಿಷ ಹಿಡಿಯಿತು. ನಿಮ್ಮ ವಯಸ್ಸಿನ ಬಗ್ಗೆ ಮಾತು ಬಂದಾಗಲೆಲ್ಲ ಅವರ ಹೆಸರು ಹೇಳಿ. ಅವರ ವ್ಯಾಯಾಮದ ವಿಚಾರ ಎತ್ತಬೇಡಿ.

ಸೈಕಲ್ ಕೊಳ್ಳುವಾಗ ಕೈ ಹಿಂದೆ ಎಳೆಯಬೇಡಿ. ಒಂದು ಜೋಡಿ ಒಳ್ಳೆಯ ಖಿಲಾರಿ ಎತ್ತಿಗೆ ಎಷ್ಟು ಕೊಡುತ್ತೀರೋ ಅಷ್ಟನ್ನು ಎತ್ತಿಡಿ. ಸೈಕಲ್ಲಿಗೆ ಸ್ಟ್ಯಾಂಡ್ ಇರಬಾರದು, ಕ್ಯಾರಿಯರ್ ಇರಬಾರದು, ಮಡ್‌ಗಾರ್ಡ್ ಇರಬಾರದು, ಗಂಟೆಯಂತೂ ಇರಲೇಬಾರದು. ಏನೇನು ಇಲ್ಲವೋ ಅದಕ್ಕೆಲ್ಲ ಬೆಲೆ ಕೊಡುತ್ತಿದ್ದೀರಿ ಎಂದು ತಿಳಿಯಿರಿ. ಮನೆಗೆ ತಂದ ದಿನ ಓಣಿಯ ಹಿರಿಯರು ಬಂದು ಟಾಯರು ಹಿಚುಕಿ, ಒಂದೇ ಕೈಯಲ್ಲಿ ಎತ್ತಿ ನೋಡಿ, ಸಂತೆಯ ರೂಢಿಯಂತೆ ಕೇಳುತ್ತಾರೆ: “ಎಷ್ಟ ಹಲ್ಲಿಂದ್ರೀ?” ನಾಚಬೇಡಿ, ಗೇರಿನ ಲೆಕ್ಕ ಹೇಳಿ: “ಹಿಂದಿನ ದೊಡ್ಡ ಚಕ್ರಕ್ಕ ಇಪ್ಪತ್ತೆಂಟ ಹಲ್ಲ ಐತ್ರಿ.” “ಹಂಗಾರ ಮುದಿ ಆಗೈತಿ ಬಿಡ್ರಿ,” ಎಂದು ಅವರು ಎದ್ದು ಹೋಗುತ್ತಾರೆ.

ದಾರಿ ನಾನು ಹಾಕಿಕೊಡುತ್ತೇನೆ. ಕಿತ್ತೂರು ಕೋಟೆಯ ಮುಂದೆ ಚೆನ್ನಮ್ಮನಿಗೆ ಕೈಮುಗಿದು ಹೊರಡಿ. ಬೈಲಹೊಂಗಲಕ್ಕೆ ಬಂದು ಅವಳ ಸಮಾಧಿಗೆ ಇನ್ನೊಮ್ಮೆ ಕೈಮುಗಿದು ಸವದತ್ತಿಯ ಕಡೆ ಹೊರಳಿ, ಅಲ್ಲಿಂದ ರಾಮದುರ್ಗ. ಒಟ್ಟು ನೂರು ಕಿಲೋಮೀಟರಿನ ಆಸುಪಾಸು. ಲೆಕ್ಕದ ಪ್ರಕಾರ ರಾಮದುರ್ಗ ಕಣ್ಣಿಗೆ ಬೀಳುವ ಮೊದಲೇ ನಿಮ್ಮ ತೊಂಬತ್ತು ಮುಗಿಯಬೇಕು, ಆದರೆ ನೀವು ಅಷ್ಟು ದೂರ ಹೋಗುವುದಿಲ್ಲ, ಚಿಂತೆ ಬೇಡ. ಎರೆಮಣ್ಣಿನ ಸೀಮೆಯಲ್ಲಿ ರಸ್ತೆ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಕುಸಿಯುತ್ತದೆ. ಬೆರಳು ದಪ್ಪದ ಟಾಯರು ಇದಕ್ಕೆಂದೇ ಮಾಡಿದ್ದಲ್ಲ. ಪಂಕ್ಚರ್ ಆದರೆ ಮೊದಲ ಹಳ್ಳಿಯ ಅಂಗಡಿಯವನು ನಿಮ್ಮ ಗಾಲಿ ನೋಡಿ, “ಇದಕ್ಕ ಟ್ಯೂಬ್ ಎಲ್ಲಿ ಹಾಕ್ಯಾರ?” ಎಂದು ಕೇಳುತ್ತಾನೆ. ಅವನಿಗೆ ಉತ್ತರ ಹೇಳುತ್ತ ಒಂದು ಚಹಾ ಕುಡಿಯಿರಿ, ಸೈಕಲ್ಲನ್ನು ಟಂಟಂ ಮೇಲೆ ಹೇರಿ ಮನೆಗೆ ಬನ್ನಿ.

ಕಬ್ಬಿನ ಹಂಗಾಮಿನಲ್ಲಿ ಮಾತ್ರ ಅಭ್ಯಾಸ ತಪ್ಪಿಸಬೇಡಿ. ಸ್ಪರ್ಧೆಯಲ್ಲಿ ಮುಂದಿನ ಸೈಕಲ್ಲಿಗೂ ನಿಮಗೂ ನಡುವೆ 12 ಮೀಟರ್ ಅಂತರ ಇರಬೇಕೆಂದು ನಿಯಮ; ಅವನ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಂಡರೆ ದಂಡ. ನಮ್ಮ ರಸ್ತೆಗೆ ಆ ನಿಯಮ ಇಲ್ಲ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಬಂತೆಂದರೆ ಹಿಂದೆ ಸೇರಿಕೊಳ್ಳಿ. ಗಾಳಿಯೂ ಇಲ್ಲ, ಬಿಸಿಲೂ ಇಲ್ಲ, ಮೇಲಿಂದ ಹಾಡು ಪುಕ್ಕಟೆ. ಸುಸ್ತಾದಾಗ ಒಂದು ಗಣಿಕೆ ಎಳೆದುಕೊಳ್ಳಿ. ಟ್ರ್ಯಾಕ್ಟರಿಗೆ ಹಿಂದಿನ ದೀಪ ಇರುವುದಿಲ್ಲ, ಅದರ ಹಿಂದಿರುವ ನಿಮಗೂ ಇರುವುದಿಲ್ಲ. ಇಬ್ಬರೂ ಸಮ.

ಬಟ್ಟೆ ಬದಲಿಸುವ ಹೊತ್ತನ್ನೂ ಗಡಿಯಾರ ಎಣಿಸುತ್ತದೆ. ಹೊಳೆಯ ದಂಡೆಯಲ್ಲಿ ಪಂಚೆ ಸುತ್ತಿಕೊಂಡು ಒದ್ದೆ ಚಡ್ಡಿ ಬಿಚ್ಚುವ ವಿದ್ಯೆ ಗೊತ್ತಿದ್ದವರಿಗೆ ಬೇರೆ ಹೇಳಬೇಕಿಲ್ಲ.

ಓಟವನ್ನು ಕತ್ತಲಿದ್ದಾಗ ಮಾಡಿ. ಬೆಳಕಿನಲ್ಲಿ ಓಡಿದರೆ ಜನ ಸುಮ್ಮನೆ ಬಿಡುವುದಿಲ್ಲ. ಮೊದಲ ಮೋಟರ್ ಸೈಕಲ್ಲಿನವರು ನಿಲ್ಲಿಸಿ, “ಯಾಕ್ರೀ ಸರ, ಗಾಡಿ ಕೈ ಕೊಟ್ಟಿತೇನು? ಬರ್ರಿ, ಹತ್ರಿ,” ಎನ್ನುತ್ತಾರೆ. ಎರಡನೆಯವರು ಸ್ವಲ್ಪ ದೂರ ಜೊತೆಗೇ ಗಾಡಿ ಓಡಿಸುತ್ತ, ಹಿಂದೆ ತಿರುಗಿ ನೋಡಿ, ದನಿ ತಗ್ಗಿಸಿ, “ಯಾರರ ಬೆನ್ನ ಹತ್ಯಾರೇನ್ರಿ?” ಎಂದು ಕೇಳುತ್ತಾರೆ. ಮೂರನೆಯವರು ನಿಮ್ಮ ಮನೆಗೇ ಫೋನ್ ಮಾಡುತ್ತಾರೆ. ಹತ್ತಿರ ಬಂದವರ ಗಾಡಿ ಹತ್ತಿಬಿಡುವುದು ಒಳ್ಳೆಯದು. ಕರೆದವರಿಗೆ ಇಲ್ಲ ಎನ್ನುವುದು ನಮ್ಮ ಕಡೆಯ ರೀತಿಯಲ್ಲ, ಓಟದ ಸಲುವಾಗಿ ರೀತಿ ಬಿಡಬೇಡಿ.

ಏರಿನ ಅಭ್ಯಾಸಕ್ಕೆ ಸವದತ್ತಿಯಿಂದ ಯಲ್ಲಮ್ಮನ ಗುಡ್ಡದ ದಾರಿ ಹಿಡಿಯಿರಿ, ಆದರೆ ಹುಣ್ಣಿಮೆಗಳನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತು ಮಾಡಿಟ್ಟು ಆ ದಿನ ಮನೆಯಲ್ಲೇ ಇರಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಚಕ್ಕಡಿಯಲ್ಲಿ ಬರುವವರು ಒಂದಿಷ್ಟು, ನಡೆದೇ ಬರುವವರು ಇನ್ನೊಂದಿಷ್ಟು. ನೀವು ಈ ವರ್ಷದ ಹೊಸ ಮಾದರಿಯ ಬೂಟು ಹಾಕಿ, ಮೊಣಕಾಲಿಗೆ ಪಟ್ಟಿ ಸುತ್ತಿ, ಎದೆಬಡಿತ ನೋಡಿಕೊಳ್ಳುತ್ತ ಏರುತ್ತಿರುವಾಗ, ತಲೆ ಮೇಲೆ ಬುಟ್ಟಿ, ಸೊಂಟದ ಮೇಲೆ ಕೂಸು ಇಟ್ಟುಕೊಂಡ ಹೆಣ್ಣುಮಗಳೊಬ್ಬಳು ಬರಿಗಾಲಲ್ಲಿ “ಉಧೋ ಉಧೋ” ಎನ್ನುತ್ತ ಪಕ್ಕದಿಂದ ದಾಟಿ ಹೋಗುತ್ತಾಳೆ. ಜೋಗುಳಬಾವಿಯಲ್ಲಿ ಮಿಂದು ಬಂದಿರುತ್ತಾಳೆ, ಮೇಲೆ ಹೋಗಿ ಮೂರು ಕಲ್ಲು ಹೂಡಿ ಅಡಿಗೆ ಮಾಡಿ ಪಡಲಗಿ ತುಂಬಿಸುತ್ತಾಳೆ. ಅವಳು ಎಷ್ಟು ತಾಸಿನಲ್ಲಿ ಎಷ್ಟು ಕಿಲೋಮೀಟರ್ ಬಂದಳು ಎಂದು ಕೇಳುವ ಚಪಲ ನಿಮಗಾಗುತ್ತದೆ. ಕೇಳಬೇಡಿ. ಇಂಥ ವಿಷಯ ತಿಳಿದುಕೊಂಡರೆ ಅಭ್ಯಾಸದ ಮೇಲೆ ಮನಸ್ಸು ನಿಲ್ಲುವುದಿಲ್ಲ.

ಗುಡ್ಡದಲ್ಲಿ ಕಲಿಯಬೇಕಾದ ವಿದ್ಯೆ ಇನ್ನೊಂದಿದೆ, ದೀಡ ನಮಸ್ಕಾರ. ಹರಕೆ ಹೊತ್ತವರು ನೆಲಕ್ಕೆ ಉದ್ದಕ್ಕೆ ಬಿದ್ದು, ಕೈ ಮುಟ್ಟಿದಲ್ಲಿ ಗುರುತು ಹಾಕಿ, ಎದ್ದು ಅಲ್ಲಿಂದ ಮತ್ತೆ ಬೀಳುತ್ತ ಗುಡಿಯವರೆಗೆ ಹೋಗುತ್ತಾರೆ. ಇದನ್ನು ನಿಂತು ನೋಡಿ, ಮುಂದೆ ಕೆಲಸಕ್ಕೆ ಬರುತ್ತದೆ. 1982ರ ಫೆಬ್ರವರಿಯಲ್ಲಿ ಹವಾಯಿಯ ಸ್ಪರ್ಧೆಯಲ್ಲಿ ಜೂಲಿ ಮಾಸ್ ಎಂಬ ವಿದ್ಯಾರ್ಥಿನಿ ಎಲ್ಲ ಹೆಂಗಸರಿಗಿಂತ ಮುಂದಿದ್ದಳು. ಗೆರೆ ಕಣ್ಣೆದುರಿಗೇ ಇರುವಾಗ ಕಾಲು ಸೋತು ಕುಸಿದಳು, ಇನ್ನೊಬ್ಬಳು ದಾಟಿ ಹೋದಳು, ಜೂಲಿ ಅಂಬೆಗಾಲಿಟ್ಟು ತೆವಳುತ್ತ ಎರಡನೆಯವಳಾಗಿ ಮುಟ್ಟಿದಳು. ಟೀವಿಯಲ್ಲಿ ಅದನ್ನು ಕಂಡ ಮೇಲೆಯೇ ಜಗತ್ತಿಗೆ ಈ ಆಟದ ಹುಚ್ಚು ಹತ್ತಿದ್ದು. ಗೆದ್ದವಳ ಹೆಸರು ಇವತ್ತು ಕೆಲವರಿಗಷ್ಟೇ ನೆನಪು. ಪಾಠ ಸ್ಪಷ್ಟವಾಗಿದೆ: ಬೀಳುವುದಾದರೆ ಕ್ಯಾಮರಾದ ಎದುರು ಬೀಳಿ.

ಇನ್ನು ವಾಚು. ಇದು ಸೈಕಲ್ಲಿಗಿಂತ ಮುಖ್ಯ. ನೀವು ಎಷ್ಟು ದೂರ ಹೋದಿರಿ, ಹೃದಯ ಎಷ್ಟು ಬಡಿಯಿತು ಎಂಬುದನ್ನೆಲ್ಲ ಅದು ಸ್ಟ್ರಾವಾ ಎಂಬ ಆ್ಯಪಿಗೆ ಮುಟ್ಟಿಸುತ್ತದೆ, ಅಲ್ಲಿ ಸ್ನೇಹಿತರು ನೋಡಿ ಹೆಬ್ಬೆರಳು ಎತ್ತುತ್ತಾರೆ. ವಾಚು ಕೈಯಲ್ಲಿದೆಯೋ ಬೇರೆಲ್ಲಿದೆಯೋ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಮೊದಮೊದಲು ನಾನು ಎಮ್ಮೆಯ ಕೋಡಿಗೆ ಕಟ್ಟಿ ಮೇಯಲು ಬಿಟ್ಟೆ. ಆರು ಕಿಲೋಮೀಟರ್ ಆಯಿತು, ಆದರೆ ನಡುವೆ ಎರಡು ತಾಸು ಕೆರೆಯಲ್ಲಿ ಮಲಗಿದ್ದರಿಂದ ಸರಾಸರಿ ಕೆಟ್ಟಿತು. ಸವದತ್ತಿ ಬಸ್ಸಿನ ಕಂಡಕ್ಟರರ ಕೈಗೆ ಕಟ್ಟಿದರೆ ವೇಗ ವಿಪರೀತ ಬಂದು ಅನುಮಾನ ಹುಟ್ಟುತ್ತದೆ. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸಿನಲ್ಲಿ ಫ್ರೆಡ್ ಲೋರ್ಜ್ ಎಂಬಾತ ಮ್ಯಾರಥಾನಿನ ಸುಮಾರು ಹನ್ನೊಂದು ಮೈಲಿ ದಾರಿ ಮೋಟಾರಿನಲ್ಲಿ ಕೂತು ಬಂದು, ಕೊನೆಗೆ ಇಳಿದು ಓಡಿ, ಪದಕಕ್ಕೆ ಕೊರಳೊಡ್ಡುವಷ್ಟರಲ್ಲಿ ಸಿಕ್ಕಿಬಿದ್ದ. ಅವನ ತಪ್ಪು ಮೋಟಾರು ಹತ್ತಿದ್ದಲ್ಲ, ಗೆಲ್ಲಲು ಹೋದದ್ದು. ಮಧ್ಯಮ ವೇಗದವರನ್ನು ಹುಡುಕಿ.

ಹೊಟ್ಟೆಯ ವಿಚಾರ. ಶಾಸ್ತ್ರದ ಪ್ರಕಾರ ಸ್ಪರ್ಧೆಗೆ ಮೂರು ದಿನ ಮುಂಚೆ ಪಿಷ್ಟ ಪದಾರ್ಥ ತುಂಬಿಕೊಳ್ಳಬೇಕು. ಇಲ್ಲಿ ದೈವ ನಮ್ಮ ಕಡೆಗಿದೆ. 2024ರಲ್ಲಿ ಕಿತ್ತೂರಿನ ವಿಜಯಕ್ಕೆ 200 ವರ್ಷ ತುಂಬಿದ ಉತ್ಸವ ಅಕ್ಟೋಬರ್ 23ರಿಂದ 25ರವರೆಗೆ, ಗೋವಾದ ಸ್ಪರ್ಧೆ 27ಕ್ಕೆ ಬಿದ್ದಿತ್ತು. ಇದಕ್ಕಿಂತ ಅನುಕೂಲ ಯಾರೂ ಮಾಡಿಕೊಡಲಾರರು. ಹೀಗೆ ಕೂಡಿ ಬಂದಾಗ ಉತ್ಸವಕ್ಕೆ ಮೂರೂ ದಿನ ತಪ್ಪದೆ ಹೋಗಿ. ಗಿರ್ಮಿಟ್ ತಿನ್ನಿ, ಮಿರ್ಚಿ ತಿನ್ನಿ, ಕುಸ್ತಿ ನೋಡುತ್ತ ಶೇಂಗಾ ತಿನ್ನಿ, ಮನೆಗೆ ಬಂದು ಮಾದಲಿಗೆ ತುಪ್ಪ ಹಾಕಿಕೊಳ್ಳಿ. ದಾರಿಗೆ ಮಾತ್ರ ಕರದಂಟು ಕಟ್ಟಿಕೊಳ್ಳಬೇಡಿ. ಬೆಲ್ಲ, ಅಂಟು, ಕೊಬ್ಬರಿ, ಉತ್ತತ್ತಿ, ಗೋಡಂಬಿ ಎಲ್ಲ ಇರುವ ಆ ಪದಾರ್ಥ ತಿಂದರೆ ನಿಜವಾಗಿಯೂ ಶಕ್ತಿ ಬರುತ್ತದೆ, ಮತ್ತು ನೋಡಿದವರಿಗೆ ನೀವು ಜಾತ್ರೆಗೆ ಹೊರಟಂತೆ ಕಾಣುತ್ತದೆ. ಟೂತ್‌ಪೇಸ್ಟಿನಂತೆ ಹಿಚುಕಿ ತಿನ್ನುವ ಜೆಲ್ ತರಿಸಿ, ಅದನ್ನು ಮೊದಲ ಸಲ ಸ್ಪರ್ಧೆಯ ದಿನವೇ ಬಾಯಿಗೆ ಹಾಕಿ.

ಚೋರ್ಲಾ ಘಾಟಿನಲ್ಲಿ ವಾಂತಿ ಮಾಡಿಕೊಂಡು ಪಣಜಿ ಮುಟ್ಟಿದಿರಿ ಎನ್ನಿ. ಬೆಳಗ್ಗೆ ಮಿರಾಮಾರ್ ಕಡಲದಂಡೆಗೆ ಹೋಗಿ ನಿಲ್ಲಿ. ಇಲ್ಲಿ ಒಂದು ಸೂಕ್ಷ್ಮ ಇದೆ, ಬೆಂಗಳೂರು, ಮುಂಬೈಯಿಂದ ಬಂದವರಿಗೆ ಇದು ಗೊತ್ತಿರುವುದಿಲ್ಲ. ಮಾಂಡವಿ ನದಿ ಸಮುದ್ರ ಸೇರುವುದು ಅಲ್ಲೇ ಮಗ್ಗುಲಲ್ಲಿ. ಮಾಂಡವಿ ಎಂದರೆ ಮಹದಾಯಿ. ನಮ್ಮ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟಿ ಪಡುವಣಕ್ಕೆ ಓಡಿಹೋದವಳು. ಅದೇ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಮಾತ್ರ ನಮ್ಮ ಕಡೆ ಬಂದಳು, ಬರಬರುತ್ತ ಬಡವಾದಳು. ಅಕ್ಕನ ನೀರು ಒಂದಿಷ್ಟು ತಂಗಿಗೆ ತಿರುಗಿಸಿ ಎಂದು ಕಳಸಾ-ಬಂಡೂರಿ ಯೋಜನೆಗಾಗಿ 2015ರಲ್ಲಿ ನರಗುಂದದಲ್ಲಿ ರೈತರು ಧರಣಿ ಕೂತರು. 2018ರ ಆಗಸ್ಟ್ 14ರಂದು ನ್ಯಾಯಮಂಡಳಿ 3.9 ಟಿಎಂಸಿ ಕೊಡಿ ಎಂದಿತು. ನೀರು ಇನ್ನೂ ಕಾಗದದಲ್ಲೇ ಹರಿಯುತ್ತಿದೆ. ಈಗ ಆ ನೀರಿನ ಎದುರೇ ಚಡ್ಡಿಯಲ್ಲಿ ನಿಂತಿದ್ದೀರಿ. ಇಳಿಯಿರಿ, ಮತ್ತು ಕುಡಿಯಿರಿ. ಈಜು ಸರಿಯಾಗಿ ಬಾರದವರಿಗೆ ಇದು ತಾನಾಗಿಯೇ ಆಗುವ ಕೆಲಸ. ಉಪ್ಪಾಗಿದೆ ಎಂದು ತಕರಾರು ಬೇಡ, ನಮ್ಮ ಪಾಲಿನದು. ನಮ್ಮ ಸೀಮೆಯ ಪರವಾಗಿ ಎಷ್ಟು ಗುಟುಕು ಸಾಧ್ಯವೋ ಅಷ್ಟು ಹೊಟ್ಟೆಯಲ್ಲಿ ತುಂಬಿಕೊಂಡು ಗಡಿ ದಾಟಿಸಿ.

ಇಷ್ಟರಲ್ಲಿ 1 ತಾಸು 10 ನಿಮಿಷ ಆಗಿರುತ್ತದೆ. ಈಜಿಗೆ ಕೊಟ್ಟ ಗಡುವು ಅದೇ. ದೋಣಿಯವರು ಬಂದು ಕೈ ಚಾಚುತ್ತಾರೆ. ಕೂಡಲೇ ಹಿಡಿಯಬೇಡಿ, ಒಂದು ಸಲ ಬೇಡ ಎನ್ನಿ, ಎರಡನೆಯ ಸಲ ಹಿಡಿಯಿರಿ. ಮನೆಗೆ ಬಂದ ಬೀಗರನ್ನು ಊಟಕ್ಕೆ ಎಬ್ಬಿಸಿದಾಗ ಅವರು ಮಾಡುವಂತೆಯೇ. ದಂಡೆಗೆ ಬಂದು ಹೇಳಬೇಕಾದ ಮಾತು, “ಮೀನಖಂಡ ಹಿಡಕೊಂಡಿತ್ರಿ.” ಕಾಲಿನ ಇತರ ಭಾಗಗಳ ಹೆಸರು ಹೇಳಬೇಡಿ, ಡಾಕ್ಟರು ಒತ್ತಿ ನೋಡುತ್ತಾರೆ. ಮನಸ್ಸಿಗೆ ಹಚ್ಚಿಕೊಳ್ಳಲೂ ಬೇಡಿ. ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅದೇ 2024ರ ಸ್ಪರ್ಧೆಯನ್ನು 8 ತಾಸು 27 ನಿಮಿಷ 32 ಸೆಕೆಂಡಿಗೆ ಮುಗಿಸಿದರು, ಗಡುವಿಗೆ ಎರಡೂವರೆ ನಿಮಿಷವೂ ಉಳಿದಿರಲಿಲ್ಲ. ಅಷ್ಟು ಹೊತ್ತು ಬಿಸಿಲಲ್ಲಿ ಬೇಯುವ ಬದಲು ನೀವು ಬೆಳಗ್ಗೆ ಎಂಟೂವರೆಗೇ ಸ್ನಾನ ಮುಗಿಸಿ, ಇಡ್ಲಿ ತಿಂದು, ಸಾಯಂಕಾಲ ಗೆರೆ ದಾಟಿ ಬರುವವರಿಗೆ ಚಪ್ಪಾಳೆ ತಟ್ಟಲು ನೆರಳಿನಲ್ಲಿ ಜಾಗ ಹಿಡಿದಿರುತ್ತೀರಿ. ಯಾರಾದರೂ ಪದಕ ಹಾಕಿಕೊಂಡವರು ಸಿಕ್ಕರೆ ಅವರ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿ. ಊರಲ್ಲಿ ಪದಕ ಯಾರ ಕೊರಳಲ್ಲಿತ್ತು ಎಂದು ಹಿಗ್ಗಿಸಿ ನೋಡುವವರು ಕಡಿಮೆ.

ಫ್ಲೆಕ್ಸ್ ಮೊದಲೇ ಹಾಕಿಸಿರುತ್ತಾರೆ, ಸ್ನೇಹಿತರೆಂದರೆ ಹಾಗೆಯೇ. “ಉಕ್ಕಿನ ಮನುಷ್ಯನಿಗೆ ಹಾರ್ದಿಕ ಸ್ವಾಗತ”, ನಿಮ್ಮ ಫೋಟೋಕ್ಕಿಂತ ದೊಡ್ಡದಾಗಿ ಅವರ ಹನ್ನೊಂದು ಫೋಟೋ. ಶಾಲು ಹೊದಿಸುವಾಗ ತಲೆ ಬಗ್ಗಿಸಿ ನಿಲ್ಲಿ. ಎರಡು ಮಾತು ಆಡಿ ಎಂದರೆ, “ಗೆಲುವು ಸೋಲು ಮುಖ್ಯ ಅಲ್ಲ,” ಎಂದು ಕೂತುಬಿಡಿ.

ಮನೆಯಲ್ಲಿ ಅವ್ವನದೊಂದು ತಗಾದೆ ಬಾಕಿ ಇರುತ್ತದೆ. ನೀವು ಹೊರಟ ದಿನ, “ಯಪ್ಪಾ, ಅಷ್ಟು ದೂರ ಹೋಗಿ ಯಾಕ ನೀರಿಗೆ ಬೀಳ್ತೀಯೋ, ನಮ್ಮ ಹೊಲದಾಗ ಬಾಂವಿ ಇಲ್ಲೇನು?” ಎಂದು ಕೇಳಿದ್ದಳು. ನೀವು ಕೇಳದೆ ಹೋದಿರಿ. ಮಗ ಜೀವಂತ ಬಂದರೆ ಭಾರತ ಹುಣ್ಣಿಮೆಗೆ ನಡೆದೇ ಗುಡ್ಡಕ್ಕೆ ಬರುತ್ತೇನೆ, ಜೋಗುಳಬಾವಿಯಲ್ಲಿ ಮಿಂದು ದೀಡ ನಮಸ್ಕಾರ ಹಾಕುತ್ತೇನೆ ಎಂದು ಅವಳು ಹರಕೆ ಹೊತ್ತಿದ್ದಾಳೆ. ಎಪ್ಪತ್ತೆರಡು ವಯಸ್ಸು, ಮೊಣಕಾಲು ನೋವು, ಮನೆಯವರೆಲ್ಲ ಬೇಡ ಎನ್ನುತ್ತಾರೆ. ನೀವು ಅಡ್ಡಿ ಮಾಡಬೇಡಿ. ನಸುಕಿನಲ್ಲಿ ಎದ್ದು ಅವಳ ಬುತ್ತಿ ಕಟ್ಟಿಕೊಡಿ. ಹೊಸ್ತಿಲು ದಾಟುವ ಮುಂಚೆ ಹಸಿರು ಬಳೆ ಸ್ವಲ್ಪ ಮೇಲೆ ಸರಿಸಿ ನಿಮ್ಮ ವಾಚನ್ನು ಅವಳ ಕೈಗೆ ಕಟ್ಟಿ. ಹಿಂದಿನ ರಾತ್ರಿಯೇ ಪೂರ್ತಿ ಚಾರ್ಜ್ ಮಾಡಿರಬೇಕು, ಬೈಲಹೊಂಗಲದಿಂದ ಗುಡ್ಡದವರೆಗೆ ನಡುವೆ ಎಲ್ಲೂ ನಿಲ್ಲುವವಳಲ್ಲ.